ಪೌಡರ್ ಡಬ್ಬಿಯ ಷೇರು

ಯಾರ ಮನೆಗೆ ಹೋದರೂ ಅವರ ಕನ್ನಡಿ ಗೂಡಿನ ಕಡೆಗೊಮ್ಮೆ ಕಣ್ಣು ಹಾಯಿಸುವ ಕೆಟ್ಟ ಚಟ ನನಗುಂಟು. ಬಾಚಣಿಗೆಯ ಹಲ್ಲು ಎಷ್ಟು ಮುರಿದಿವೆ, ಕುಂಕುಮದ ಕರಡಿಗೆ ಬೆಳ್ಳಿಯದೋ ಹಿತ್ತಾಳೆಯದೋ, ಎಲ್ಲವೂ ನನಗೆ ಬೇಕು. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳಿಗೆ ಗೊತ್ತಾದರೆ ಈ ವಯಸ್ಸಿನಲ್ಲೂ ಬೆಂಚಿನ ಮೇಲೆ ನಿಲ್ಲಿಸಿಯಾರು. ಆದರೆ ಕಳೆದ ನವರಾತ್ರಿಯಲ್ಲಿ ಈ ಚಟಕ್ಕೆ ಮರ್ಯಾದೆಯ ಹುದ್ದೆಯೊಂದು ಸಿಕ್ಕಿತು.

ಕೊಟ್ಟವರು ನಮ್ಮ ಯಜಮಾನರು. ಮಾಗಡಿ ರಸ್ತೆಯ ಕಡೆ ಶೆಡ್ ಹಾಕಿಕೊಂಡ ಹೊಸ ಕಂಪನಿಯೊಂದು ಮುಖಕ್ಕೆ ಹಚ್ಚುವ ಪೌಡರ್ ಮಾಡಿ, ಈಗ ಷೇರು ಮಾರಲು ಹೊರಟಿತ್ತು. ಗುಲಾಬಿ ಬಣ್ಣದ ಡಬ್ಬಿ, ಮೇಲೊಂದು ನವಿಲು.

"ಒಂದೇ ವರ್ಷದಲ್ಲಿ ಮಾರಾಟ ದುಪ್ಪಟ್ಟಾಗಿದೆ ಕಣೇ. ಈಗ ಹಾಕಿದ್ರೆ ನಮ್ಮ ದುಡ್ಡೂ ಹಾಗೇ ಬೆಳೆಯುತ್ತೆ."

ನಮ್ಮ ದುಡ್ಡೆಂದರೆ ತಾರಸಿಗೆಂದು ಕೂಡಿಟ್ಟದ್ದು, ಅದೊಂದೇ. ರಾಜಾಜಿನಗರದ ನಮ್ಮ ಸೈಟಿನಲ್ಲಿ ಗೋಡೆಗಳು ಎದ್ದು ನಿಂತಿದ್ದವು, ಮೇಲೆ ಬರೀ ಆಕಾಶ. ಸಂಜೆ ಬಾಡಿಗೆ ಮನೆಯಿಂದ ನಡೆದುಹೋಗಿ, ನೆಂಟರನ್ನು ನೋಡಿದಂತೆ ಆ ಗೋಡೆಗಳನ್ನು ನೋಡಿ ಬರುತ್ತಿದ್ದೆವು. ಆ ದುಡ್ಡು ಹೋದರೆ ತಾರಸಿಯೂ ಹೋದಂತೆಯೇ.

"ಕಂಪನಿಯೋರ ಕಾಗದ ಏನಾದ್ರೂ ಹೇಳ್ಲಿ. ನೀನು ಅರಿಶಿನ ಕುಂಕುಮಕ್ಕೆ ಮನೆಮನೆಗೂ ಹೋಗ್ತೀಯಲ್ಲ, ಎಷ್ಟು ಮನೇಲಿ ಆ ಡಬ್ಬಿ ಇದೆ ನೋಡ್ಕೊಂಡ್ ಬಾ," ಎಂದರು.

ನೋಡಿದೆ. ಗೊಂಬೆ ನೋಡುವ ನೆಪದಲ್ಲಿ ಒಂದೊಂದು ಮನೆಯ ಗೂಡನ್ನೂ ನೋಡಿದೆ. ಎಲ್ಲೆಲ್ಲೂ ನವಿಲು! ಬಂದು ಹೇಳಿದ ಕೂಡಲೇ ಅವರು ಅರ್ಜಿ ತುಂಬಿ ಮೇಜಿನ ಮೇಲಿಟ್ಟರು. ಬೆಳಗಾದರೆ ಹಣ ಕಟ್ಟುವುದು.

ಅಂದು ಸಂಜೆ, ಹೋಗದೆ ಉಳಿದಿದ್ದ ಒಂದೇ ಮನೆಗೆ ಹೋದೆ. ಹಿಂದಿನ ಬೀದಿಯ ಗೌರಮ್ಮನವರದು. ಅವರು ಎಲೆ, ಅಡಿಕೆ, ತೆಂಗಿನಕಾಯಿಯ ಜೊತೆ ಅದೇ ಗುಲಾಬಿ ಡಬ್ಬಿಯನ್ನು ನನ್ನ ಕೈಗಿಟ್ಟರು. ಸುಮ್ಮನೆ ಬುಡಮೇಲು ಮಾಡಿ ನೋಡುತ್ತೇನೆ, ತಳದಲ್ಲಿ ಪಿನ್ನಿನಿಂದ ಗೀರಿದ ನನ್ನ ಹೆಸರಿನ ಮೊದಲ ಅಕ್ಷರ! ಹಾಸ್ಟೆಲಿನಲ್ಲಿ ಹತ್ತಿದ ಅಭ್ಯಾಸವದು; ನನ್ನದೆಂದ ವಸ್ತುವಿಗೆಲ್ಲ ಗುರುತು ಹಾಕಬೇಕು. ಹಬ್ಬದ ಮೊದಲ ದಿನ ನನಗೆಂದೇ ತಂದು, ವಾಸನೆ ತಾಳಲಾರದೆ ಎದುರು ಮನೆಯವರಿಗೆ ತಾಂಬೂಲದಲ್ಲಿ ದಾಟಿಸಿದ್ದ ಡಬ್ಬಿ, ಊರು ಸುತ್ತಿ ತವರಿಗೆ ಬಂದಿತ್ತು.

"ನೀವು ಇದನ್ನ ಹಚ್ಕೊಳಲ್ವೇ ಗೌರಮ್ಮನೋರೇ?"

"ಅಯ್ಯೋ, ಹಚ್ಕೊಳೋದಾ! ಮುಚ್ಚಳ ತೆಗೆದ್ರೆ ನಮ್ಮನೆಯವ್ರಿಗೆ ಸೀನು ನಿಲ್ಲಲ್ಲ. ಕೊಡೋಕೆ ಲಕ್ಷಣವಾಗಿದೆ, ಬಂದಿದ್ದನ್ನ ಹಾಗೇ ಮುಂದಕ್ಕೆ ಕೊಡ್ತೀನಿ. ಯಾಕೆ, ನೀವು ಹಚ್ಕೋತೀರೇನ್ರೀ?"

ನಾನು ಹಣೆ ಮುಂದೆ ಮಾಡಿ ಕುಂಕುಮ ಇಡಿಸಿಕೊಂಡೆ.

ನಮ್ಮ ರವಿಕೆ ಕಣಗಳ ಸಂಸಾರವೂ ಹೀಗೇ ಅಲ್ಲವೆ? ಈ ಹಬ್ಬದಲ್ಲಿ ಅವರಿಂದ ನಮಗೆ, ಆ ಹಬ್ಬದಲ್ಲಿ ನಮ್ಮಿಂದ ಇನ್ನೊಬ್ಬರಿಗೆ. ದರ್ಜಿಯ ಕತ್ತರಿಯನ್ನೇ ಕಾಣದೆ ಮುದಿಯಾದ ಕಣಗಳು ಎಷ್ಟಿಲ್ಲ! ಇಷ್ಟು ವರ್ಷ ಅದನ್ನು ಬಲ್ಲವಳು, ಮುಂದಿನ ಮನೆಗೆ ಹೊರಟು ನಿಂತ ಡಬ್ಬಿಗಳನ್ನು ಆ ಮನೆಯ ಒಕ್ಕಲೆಂದು ಎಣಿಸಿಕೊಂಡು ಬಂದಿದ್ದೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಮೊದಲ ವರ್ಷದ ಮಾರಾಟವೂ ಅಂಥದೇ. ಮೊದಲನೆಯ ಡಬ್ಬಿ ಕೊಂಡವರನ್ನಲ್ಲ, ಅದನ್ನು ಮುಗಿಸಿ ಎರಡನೆಯದಕ್ಕೆ ಅಂಗಡಿಗೆ ಹೋದವರನ್ನು ನೋಡಬೇಕಿತ್ತು.

ಬಿರಬಿರನೆ ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಯಜಮಾನರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಒಂದಾದ್ರೂ ಖಾಲಿ ಡಬ್ಬಿ ನೋಡಿದ್ಯೇನೇ?"

"ಒಂದೂ ಇಲ್ಲಾರೀ. ಅರ್ಧ ಆಗಿದ್ದೂ ಇಲ್ಲ."

ಅವರು ಅರ್ಜಿಯನ್ನು ನಾಲ್ಕಾಗಿ ಮಡಿಸಿ ಗಾಳಿ ಹಾಕಿಕೊಂಡರು. "ಸದ್ಯ, ಬದುಕಿದ್ವಿ!" ಎಂದಾಗ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆ ವಾರವೇ ಮೇಸ್ತ್ರಿಗೆ ಮುಂಗಡ ಹೋಯಿತು.

ಕಂಪನಿ ಮುಂದೆ ಏನಾದೀತೋ ತಿಳಿಯದು. ಮುಳುಗಲೂಬಹುದು, ಬೇರೆ ವಾಸನೆ ಹಾಕಿ ಚೆನ್ನಾಗಿ ಬೆಳೆಯಲೂಬಹುದು. ನಮಗೆ ತಪ್ಪಿದ್ದು ನಷ್ಟವೋ ಲಾಭವೋ, ದೇವರೇ ಬಲ್ಲ. ಅದು ಗೊತ್ತಿಲ್ಲದೆಯೂ ನೆಮ್ಮದಿಯಾಗಿ ನಿದ್ದೆ ಬರಬೇಕಾದರೆ ಮಾತ್ರ ತಲೆಯ ಮೇಲೊಂದು ಸೂರು ಇರಬೇಕು.