ಹಳೆಯ ತಂತಿಯಲ್ಲಿ ಹೊಸಕೋಟೆ ದಾರಿ

ಬೆಳಿಗ್ಗೆ ಏಳಕ್ಕೆ ದೊಡ್ಡಬಳ್ಳಾಪುರ ಬಿಟ್ಟೆವು. ಮಂಜು ದಟ್ಟವಾಗಿತ್ತು, ದೀಪ ಹಾಕಿಕೊಂಡೇ ಹೊರಟೆ. ಹಿಂದೆ ಅಪ್ಪ ಓಡಿಸುತ್ತಿದ್ದ ಐವತ್ತು ವರ್ಷದ ಕಾರನ್ನು ಹೊಸಕೋಟೆಯ ಅಕ್ಕನಿಗೆ ತೋರಿಸಬೇಕಿತ್ತು. ಪಕ್ಕದಲ್ಲಿ ಎಲೆಕ್ಟ್ರಿಷಿಯನ್ ಬಾಷಾ ಭಾಯ್ ಕೂತಿದ್ದರು. ತಾವು ಕೆಲಸ ಮಾಡಿದ ಗಾಡಿಯ ಮೊದಲ ಪ್ರಯಾಣದಲ್ಲಿ ಜೊತೆಗೆ ಹೋಗುವುದು ಅವರ ಪದ್ಧತಿ.

ಹಿಂದಿನ ವಾರ ಅವರು ಡೈನಮೋ ತೆಗೆದು, ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಕೂರಿಸಿದ್ದರು. ಇಗ್ನಿಷನ್ನಿಗೂ ಹೊಸ ಎಲೆಕ್ಟ್ರಾನಿಕ್ ಕಿಟ್, ಹೊಸ ತಂತಿ. ಉಳಿದದ್ದು ಒಂದೇ: ಚಾರ್ಜಿಂಗ್ ಕರೆಂಟನ್ನು ಆಂಪಿಯರ್ ಮೀಟರಿಗೆ ಒಯ್ಯುವ, ಬಟ್ಟೆ ಸುತ್ತಿದ ಹಳೆಯ ತಂತಿ. ಅದನ್ನು ಬದಲಿಸಲು ಮರದ ಡ್ಯಾಶ್‌ಬೋರ್ಡ್ ಬಿಚ್ಚಬೇಕಿತ್ತು. ಅಪ್ಪ ಪಾಲಿಶ್ ಮಾಡಿದ ಮರ. ಸೀಳೀತೆಂದು ನಾನು ಒಪ್ಪಲಿಲ್ಲ.

"ಡೈನಮೋ ಬಡಪಾಯಿ ಸಾರ್. ಇದು ಪೈಲ್ವಾನ್. ಹಳೇ ತಂತಿ ತಡ್ಕೊಳ್ಳಲ್ಲ," ಎಂದಿದ್ದರು.

"ಅಕ್ಕ ಒಂದ್ಸಲ ನೋಡ್ಲಿ ಭಾಯ್, ಆಮೇಲೆ ಬಿಚ್ಚೋಣ."

ರಾಜಘಟ್ಟದ ಹತ್ತಿರ ಭಾಯ್ ಗಾಡಿ ನಿಲ್ಲಿಸಲು ಹೇಳಿದರು. ಪರೀಕ್ಷಿಸಲು ಅವರಿಗೆ ಬೆರಳೇ ಸಾಕು. ಬಲಗೈಯನ್ನು ಡ್ಯಾಶ್‌ಬೋರ್ಡಿನಡಿ ತೂರಿಸಿ ತಂತಿ ಮುಟ್ಟಿ, "ಬೆಚ್ಚಗೈತೆ. ಹುಷಾರು," ಎಂದರು.

ದೇವನಹಳ್ಳಿಯಲ್ಲಿ ಇಡ್ಲಿ ತಿಂದೆವು. ನಾನು ದೀಪ ಆರಿಸಲು ಮರೆತಿದ್ದೆ, ಬ್ಯಾಟರಿ ಇಳಿದಿತ್ತು. ತಳ್ಳಿ ಸ್ಟಾರ್ಟ್ ಮಾಡಿದೆವು. ಮೀಟರಿನ ಮುಳ್ಳು ಕೊನೆಗೆ ಹೋಗಿ ನಿಂತಿತು.

"ಖಾಲಿ ಬ್ಯಾಟರಿ ಜಾಸ್ತಿ ಎಳೀತೈತೆ. ನಿಲ್ಸಿ ಸಾರ್."

"ಇನ್ನೇನು ಬಂದ್ಬಿಡ್ತು ಭಾಯ್," ಎಂದೆ. ಇನ್ನೂ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚಿತ್ತು.

ಸೂಲಿಬೆಲೆ ರಸ್ತೆಯಲ್ಲಿ ಮೊದಲು ಸುಟ್ಟ ಬಟ್ಟೆಯ ವಾಸನೆ ಬಂತು, ಆಮೇಲೆ ಹೊಗೆ. ನಿಲ್ಲಿಸಿ ಕೀ ತಿರುಗಿಸಿದೆ. ಎಂಜಿನ್ ನಿಂತಿತು, ಹೊಗೆ ನಿಲ್ಲಲಿಲ್ಲ. ಬೆತ್ತಲಾದ ತಂತಿ ಕಬ್ಬಿಣಕ್ಕೆ ತಗುಲಿ, ಬ್ಯಾಟರಿಯಿಂದಲೇ ಉರಿಯುತ್ತಿತ್ತು. "ನೀವು ಇಳೀರಿ ಮೊದ್ಲು," ಎಂದು ಭಾಯ್ ಬಲಗೈ ಒಳಗಿಟ್ಟು ತಂತಿಯನ್ನು ಹಿಡಿದು ಎಳೆದರು. ಒಮ್ಮೆಗೆ ಬರಲಿಲ್ಲ. ಎರಡನೆಯ ಸಲ ಎಳೆದರು. ತಂತಿ ಕಿತ್ತು ಬಂದಾಗ ಅವರ ಬೆರಳುಗಳ ಚರ್ಮವೂ ಅದರ ಜೊತೆಗಿತ್ತು.

ಆಟೋದಲ್ಲಿ ದೇವನಹಳ್ಳಿಗೆ ಮರಳಿದೆವು. ಹೊಸ ಚರ್ಮ ಬರುತ್ತದೆ, ಬೆರಳಿನ ಸ್ಪರ್ಶಜ್ಞಾನದ ಬಗ್ಗೆ ಹೇಳಲಾರೆ ಎಂದರು ಡಾಕ್ಟರು. ಸಂಜೆ ಬಸ್ಸಿನಲ್ಲಿ ಊರಿಗೆ ಬಂದೆವು.

ಮೂರು ತಿಂಗಳ ನಂತರ ಡ್ಯಾಶ್‌ಬೋರ್ಡ್ ಬಿಚ್ಚಿ, ಭಾಯ್ ಅವರ ತಮ್ಮ ದಪ್ಪ ತಂತಿ ಹಾಕಿದ. ಮರ ಸೀಳಲಿಲ್ಲ. ಭಾಯ್ ಪದ್ಧತಿಯಂತೆ ಪಕ್ಕದಲ್ಲಿ ಕೂತರು. ರಾಜಘಟ್ಟದ ಹತ್ತಿರ ನಿಲ್ಲಿಸಲು ಹೇಳಿ, ಬಲಗೈ ಒಳಗೆ ತೂರಿಸಿ ಬಹಳ ಹೊತ್ತು ಹಾಗೇ ಇಟ್ಟರು.

"ನೀವು ಮುಟ್ಟಿ ನೋಡಿ ಸಾರ್," ಎಂದರು. "ನಂಗೆ ಗೊತ್ತಾಗ್ತಿಲ್ಲ."

ಮುಟ್ಟಿದೆ. ತಂತಿ ತಣ್ಣಗಿತ್ತು.