ದೇವರ ಪೆಟ್ಟಿಗೆ ಮುಂದೆ, ಅಕ್ಕಿ ಮೂಟೆ ಹಿಂದೆ: ಆಲ್ಟಮಾಂಟ್ ಇಳಿಜಾರಿನಲ್ಲಿ ಓಲಾಡಿದ ಟ್ರೇಲರ್

ಶನಿವಾರ ಬೆಳಿಗ್ಗೆ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಿಂದ ಹೊರಟಾಗಲೇ ನನಗೆ ಅಳುಕಿತ್ತು. ಪಿಕಪ್ ಟ್ರಕ್ಕಿನ ಹಿಂದೆ ಬಾಡಿಗೆಗೆ ತಂದ ದೊಡ್ಡ ಟ್ರೇಲರ್. ಹಾಸಿಗೆ, ಅಡುಗೆಮನೆ, ಬಚ್ಚಲು ಎಲ್ಲ ಇರುವ ಆ ಬೃಹತ್ ಡಬ್ಬವನ್ನು ಎಳೆದುಕೊಂಡು ಆಲ್ಟಮಾಂಟ್ ಗುಡ್ಡ ದಾಟಿ, ಟ್ರೇಸಿ ಊರು ಕಳೆದು, ಒಂದು ಜಲಾಶಯದ ದಡದಲ್ಲಿ ಎರಡು ರಾತ್ರಿ ಇರುವುದು ನಮ್ಮ ಯೋಜನೆ. ಓಡಿಸುವವರು ನನ್ನ ಗಂಡ ಗಿರೀಶ್. ಹಿಂದಿನ ಸೀಟಿನಲ್ಲಿ ಧಾರವಾಡದಿಂದ ಬಂದಿದ್ದ ಅತ್ತೆ, ಅವರ ಪಕ್ಕದಲ್ಲಿ ಮಗಳು ಅನು.

ಸಾಮಾನು ತುಂಬಿದ್ದು ಅತ್ತೆಯ ಹುಕುಂ ಪ್ರಕಾರ. ಟ್ರೇಲರಿನ ಮುಂಭಾಗದಲ್ಲಿ ಮಂಚದ ಕೆಳಗೆ ದೊಡ್ಡ ಖಾನೆಯೊಂದಿತ್ತು. ಅತ್ತೆ ಅದರಲ್ಲಿ ತಮ್ಮ ದೇವರ ಪೆಟ್ಟಿಗೆ ಇಟ್ಟು, "ಇದರ ಸನೇಕ ಏನೂ ಇಡಬ್ಯಾಡ್ರಿ, ಮೈಲಿಗಿ ಆಗ್ತದ. ಉಳ್ಳಾಗಡ್ಡಿ, ಚಪ್ಪಲಿ ಎಲ್ಲಾ ಹಿಂದ ಹಾಕ್ರಿ" ಅಂದರು. ಅಕ್ಕಿ ಮೂಟೆ, ನೀರಿನ ಕ್ಯಾನುಗಳು, ಈರುಳ್ಳಿ ಚೀಲ, ಗ್ರೈಂಡರು ಎಲ್ಲವೂ ಹಿಂತುದಿಯ ಅಡುಗೆಮನೆ ಸೇರಿದವು. ಎರಡು ದಿನಕ್ಕೆ ಗ್ರೈಂಡರು ಯಾಕೆ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿದೆ, ಹೇಳಿ!

ಲಿವರ್‌ಮೋರ್‌ವರೆಗೆ ಪ್ರಯಾಣ ಸಲೀಸಾಗಿತ್ತು. ಒಗ್ಗರಣೆ ಅವಲಕ್ಕಿಯ ಡಬ್ಬಿ ಕೈಯಿಂದ ಕೈಗೆ ಓಡಾಡಿತು. ಗುಡ್ಡ ಏರತೊಡಗಿದಂತೆ ಗಾಳಿ ಜೋರಾಯಿತು; ಒಣಹುಲ್ಲಿನ ಮೇಲೆ ಗಾಳಿಯಂತ್ರಗಳು ಗಿರಗಿರ ತಿರುಗುತ್ತಿದ್ದವು. ನಾನು ಸೀಟು ಗಟ್ಟಿಯಾಗಿ ಹಿಡಿದುಕೊಂಡೆ. "ಏನಾಗೂದಿಲ್ಲ ಬಿಡವಾ, ದೇವರು ಮುಂದ ಇದ್ದಾನ" ಅಂದರು ಅತ್ತೆ.

ಇಳಿಜಾರಿನಲ್ಲಿ ವೇಗ ತಾನಾಗಿಯೇ ಏರಿತು. ಅಷ್ಟರಲ್ಲಿ ಭಾರೀ ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಟ್ರೇಲರಿನ ಬಾಲ ಮೊದಲು ಎಡಕ್ಕೆ ಹೋಯಿತು, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ ಇನ್ನೂ ಜಾಸ್ತಿ. ಅದು ಎಳೆದ ಕಡೆ ನಮ್ಮ ಟ್ರಕ್ಕೂ ವಾಲಿತು. ಕನ್ನಡಿಯಲ್ಲಿ ಟ್ರೇಲರಿನ ಪಕ್ಕದ ಗೋಡೆ ಪೂರ್ತಿ ಕಂಡಿತು. ಟ್ರೇಲರ್ ನೇರವಾಗಿದ್ದರೆ ಅದು ಹಾಗೆ ಕಾಣುತ್ತಿರಲಿಲ್ಲ.

"ಬ್ರೇಕ್ ಹಾಕ್ರೀ!" ಎಂದು ಕಿರುಚಿದೆ.

"ಹಾಕಬಾರದು! ಹಾಕಿದ್ರ ಇನ್ನೂ ತಿರುಗ್ತದ! ಸುಮ್ನಿರು!" ಗಿರೀಶ್ ಕೂಡ ಕೂಗಿದರು. ಸ್ಟೀರಿಂಗ್ ಅಲ್ಲಾಡಿಸದೆ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಚಕ್ರಗಳಿಗೆ ಮಾತ್ರ ಬ್ರೇಕು ಹಿಡಿಯುವ ಸಣ್ಣ ಹಿಡಿಯನ್ನು ಬೆರಳಲ್ಲಿ ಒತ್ತಿದರು. ಅನು "ಡ್ಯಾಡಿ, ಸ್ಟಾಪ್ ಇಟ್, ಪ್ಲೀಸ್!" ಎಂದು ಅಳತೊಡಗಿದಳು. ಇಷ್ಟೇ ನಮ್ಮ ಆಯಸ್ಸು ಅಂದುಕೊಂಡೆ. ನಿಧಾನವಾಗಿ, ಬಹಳ ನಿಧಾನವಾಗಿ, ಬಾಲದ ಓಲಾಟ ಇಳಿಯಿತು.

ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಖಾಲಿ ಜಾಗವೊಂದರಲ್ಲಿ ನಿಂತೆವು.

"ಮುಂದ ಭಾರ ಕಡಿಮಿ ಆದ್ರ ಬಾಲ ಅಲ್ಲಾಡ್ತದ ಅಂತ ಟ್ರೇಲರ್ ಕೊಟ್ಟವ ಹೇಳಿದ್ದ" ಅಂದರು ಗಿರೀಶ್ ಮೆಲ್ಲಗೆ. "ಓಲಾಟ ತಡೀಲಿಕ್ಕೆ ಕೊಂಡಿ ಹತ್ರ ಕಬ್ಬಿಣದ ಸರಳು ಹಾಕ್ಯಾರ. ಆದ್ರ ಭಾರ ತಪ್ಪು ಜಾಗದಾಗ ಇದ್ರ ಆ ಸರಳೂ ಏನು ಮಾಡ್ತಾವ?"

"ಮತ್ತೆ ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ಮಗು ಇದೆ ಒಳಗೆ!" ನಾನು ಸಿಡಿದೆ. ನಾನು ಮಂಡ್ಯದವಳು, ಸಿಟ್ಟು ಬಂದರೆ ಗಂಟಲು ತಗ್ಗುವುದಿಲ್ಲ. ಅವರು ತಾಯಿಯ ಕಡೆ ನೋಡಿದರು.

ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಟ್ರೇಲರ್ ಹತ್ತಿದರು, ದೇವರ ಪೆಟ್ಟಿಗೆ ಎತ್ತಿಕೊಂಡು ಇಳಿದರು.

"ಅಕ್ಕಿ, ನೀರು, ಎಲ್ಲಾ ಮುಂದ ಇಡ್ರಿ. ಉಳ್ಳಾಗಡ್ಡಿನೂ."

"ದೇವರು?" ಅಂದೆ.

"ನನ್ನ ತೊಡಿ ಮ್ಯಾಲೆ."

ಬಿಸಿಲಿನಲ್ಲಿ ಬೆವರು ಸುರಿಸುತ್ತ ಭಾರವನ್ನೆಲ್ಲ ಮುಂದಕ್ಕೆ ಹೊತ್ತೆವು. ಗ್ರೈಂಡರನ್ನು ಅತ್ತೆಯೇ ತೋರಿಸಿ ಚಕ್ರಗಳಿಗಿಂತ ಮುಂದೆ ಇಡಿಸಿದರು. ಜಲಾಶಯದ ದಡದಲ್ಲಿ ದೋಸೆ ಚೆನ್ನಾಗಿಯೇ ಆದವು, ಅನು ನೀರಾಟವಾಡಿದಳು. ನಾನು ಮಾತ್ರ ಎರಡೂ ದಿನ ಆ ಇಳಿಜಾರನ್ನೇ ನೆನೆಯುತ್ತಿದ್ದೆ. ಮನೆಗೆ ಬೇರೆ ದಾರಿಯಲ್ಲಿ ಹೋಗೋಣ ಎಂದು ಅಂಗಲಾಚಿದೆ. ಗುಡ್ಡ ಇಲ್ಲದ ದಾರಿ ಯಾವುದಿದೆ ಅಂದರು ಗಿರೀಶ್.

ಸೋಮವಾರ ಮತ್ತೆ ಅದೇ ಆಲ್ಟಮಾಂಟ್, ಅದೇ ಗಾಳಿ. ಈ ಸಲ ಗಿರೀಶ್ ನಿಧಾನ ವಾಹನಗಳ ಬಲಗಡೆಯ ಲೇನಿನಲ್ಲಿ ಲಾರಿಗಳಿಗಿಂತ ನಿಧಾನವಾಗಿ ಇಳಿದರು. ಒಂದು ಲಾರಿ ಹಿಂದಿನಿಂದ ಬಂದು ದಾಟಿತು. ಟ್ರೇಲರ್ ಒಮ್ಮೆ ತುಸು ಜಗ್ಗಿತು. ನಾನು ಕನ್ನಡಿ ನೋಡಿದೆ. ಟ್ರೇಲರ್ ತಾನೇ ನೆಟ್ಟಗಾಯಿತು. "ನೋಡು, ನಾ ಹೇಳಲಿಲ್ಲೇನು, ಏನಾಗೂದಿಲ್ಲ" ಅಂದರು ಅತ್ತೆ ಹಿಂದಿನಿಂದ, ಗಟ್ಟಿಯಾಗಿ.

ಮನೆ ಮುಂದೆ ಟ್ರಕ್ಕು ನಿಂತಿತು. ನಾನು ಹಿಂದಿನ ಬಾಗಿಲು ತೆರೆದೆ. "ಬನ್ನಿ ಅತ್ತೆ, ಪೆಟ್ಟಿಗೆ ಕೊಡಿ ಇಲ್ಲಿ."

"ತಡಿಯವಾ" ಅಂದರು ಅತ್ತೆ ಸಣ್ಣ ದನಿಯಲ್ಲಿ. "ಬೆರಳು ಬಿಚ್ಚವಲ್ವು."

ಪೆಟ್ಟಿಗೆಯ ಮೇಲೆ ಬಿಗಿದಿದ್ದ ಅವರ ಬೆರಳುಗಳನ್ನು ನಾನು ಒಂದೊಂದಾಗಿ ಬಿಡಿಸಿದೆ. ಅವು ತಣ್ಣಗಾಗಿದ್ದವು. ಕೊನೆಯ ಬೆರಳು ಬಿಟ್ಟುಕೊಂಡಾಗ ಅತ್ತೆಯ ಕೈ ನನ್ನ ಕೈಯನ್ನು ಹಿಡಿದುಕೊಂಡಿತು.