ಎರಡಾದ ಮೇಲೆ ಕುಡಿ

ಆಗೆಲ್ಲ ನಮ್ಮ ಹಟ್ಟಿಯ ಮಕ್ಕಳು ನಾಲ್ಕು ತುಂಬುತ್ತಲೇ ಬಾಲವಾಡಿಗೆ ಹೋಗಿಬಿಡುತ್ತಿದ್ದರು. ನಾನೊಬ್ಬಳು ಹೋಗಲಿಲ್ಲ. ಅದಕ್ಕೆ ಕಾರಣ ಇಬ್ಬರು: ಒಂದು ಕರಡಿ, ಇನ್ನೊಬ್ಬ ನಮ್ಮಪ್ಪ.

ಕೂಕಲ್ತೊರೈ ಪಕ್ಕದ ನಮ್ಮ ಹಟ್ಟಿಯಿಂದ ಬಾಲವಾಡಿಗೆ ಟೀ ತೋಟದ ನಡುವೆ ಕಾಲುದಾರಿ. ಆ ಬೇಸಿಗೆ ತಾಯಿ ಕರಡಿಯೊಂದು ಮರಿ ಕಟ್ಟಿಕೊಂಡು ಅದೇ ದಾರಿಯಲ್ಲಿ ಓಡಾಡತೊಡಗಿತು. ಅದೇ ಹೊತ್ತಿಗೆ ಅಪ್ಪ ತೋಟದ ಇಳಿಜಾರಿನಲ್ಲಿ ಜಾರಿ ಕಾಲು ಮುರಿದುಕೊಂಡ. ಅಮ್ಮನನ್ನು ನಾವು ಅವ್ವೆ ಅನ್ನುವುದು. ಅವ್ವೆಗೆ ಕೋತಗಿರಿ ಆಸ್ಪತ್ರೆಯಲ್ಲಿ ಕೆಲಸ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಮನೆ. ಹಾಗಾಗಿ ಹಗಲೆಲ್ಲ ನಾನು ಮತ್ತು ಅಪ್ಪ, ಜೊತೆಗೆ ಬೆಂಚಿನ ಮೇಲೆ ಚಾಚಿಕೊಂಡ ಅಪ್ಪನ ಪ್ಲಾಸ್ಟರ್ ಕಾಲು.

ಅವ್ವೆಗೆ ಇದು ಒಂಚೂರೂ ಇಷ್ಟವಿರಲಿಲ್ಲ.

"ಜೂನಲ್ಲಿ ಸ್ಕೂಲಿಗೆ ಸೇರಿಸ್ಬೇಕು. ಟೀಚರ್ ಕೇಳಿದ್ದಕ್ಕೆ ಇವಳು ಬೆಬ್ಬೆಬ್ಬೆ ಅಂದ್ರೆ ನೋಡಿ, ಅರವಂಕಾಡಿಗೆ ಕಳಿಸೋದೇ. ಚಿಕ್ಕಿ ಮನೇಲಿದ್ದು ಒಂದು ವರ್ಷ ನರ್ಸರಿಗೆ ಹೋಗ್ಲಿ."

"ಕಳಿಸೋದು ಬೇಡ, ನಾನು ಕಲಿಸ್ತೀನಿ" ಎಂದ ಅಪ್ಪ.

"ನೀವು? ಆಡೋಕೆ ಕೂತ್ರೆ ಅವಳಿಗಿಂತ ನೀವೇ ಚಿಕ್ಕ ಮಗು!"

ಅರವಂಕಾಡಿನ ಚಿಕ್ಕಿ ಒಳ್ಳೆಯವಳೇ. ಆದರೆ ಅಪ್ಪ ಇಲ್ಲದ ಮನೆಯಲ್ಲಿ ಒಂದು ವರ್ಷ ಅಂದರೆ ನಾನು ಓಡಿಹೋಗಿ ಅಪ್ಪನ ಅಂಗಿ ಹಿಡಿದುಕೊಳ್ಳುತ್ತಿದ್ದೆ.

ಅಪ್ಪನ ಶಾಲೆಯಲ್ಲಿ ಪಾಠ ಅಂತ ಒಂದೂ ಇರಲಿಲ್ಲ. ಕಣ್ಣು ಕಟ್ಟಿ ಮೂಗಿನ ಹತ್ತಿರ ಏನಾದರೂ ಹಿಡಿಯುತ್ತಿದ್ದ: ಬೆಳ್ಳುಳ್ಳಿ, ನೀಲಗಿರಿ ಎಲೆ, ಬಟ್ಟೆ ಸೋಪು. ಒಮ್ಮೆ ತನ್ನ ಕಾಲ್ಚೀಲ! ನಾನು ಕಿರುಚಿ ಬಿದ್ದು ನಕ್ಕಿದ್ದೆ. ಅವರೆ ಸುಲಿಯುವಾಗ ದಪ್ಪ ಕಾಳು ಒಂದು ಬಟ್ಟಲಿಗೆ, ಸಣ್ಣದು ಇನ್ನೊಂದಕ್ಕೆ, ಹುಳುಕಿದ್ದರೆ ಕೋಳಿಗೆ. ಮಧ್ಯಾಹ್ನ ಹಿಟ್ಟು ಕಟ್ಟುವ ಮುಂಚೆ ತಟ್ಟೆಯಲ್ಲಿ ರಾಗಿ ಹಿಟ್ಟು ಹರವಿ ಅದರಲ್ಲಿ ಬೆರಳಿಂದ ಅಕ್ಷರ ಬರೆಸುತ್ತಿದ್ದ. ಬರೆದ ಅಕ್ಷರವನ್ನೇ ಮುದ್ದೆ ಮಾಡಿ ಅವರೆ ಸಾರಿನೊಂದಿಗೆ ತಿನ್ನುತ್ತಿದ್ದೆವು. ತವಟೆ ಹಣ್ಣು ತಿಂದು ನಾಲಿಗೆ ನೇರಳೆಯಾದರೆ ಅದೇ ಬಣ್ಣದ ಪಾಠ. ಇನ್ನು ಸ್ಲೇಟು? ಅಪ್ಪನ ಕಾಲೇ. ಪ್ಲಾಸ್ಟರ್ ತುಂಬ ಇದ್ದಿಲಿಂದ ಗೀಚಿದ್ದೆ. ಕಟ್ಟು ಬಿಚ್ಚಿದ ದಿನ ಆಸ್ಪತ್ರೆಯಲ್ಲಿ ಅಪ್ಪ ನಗುತ್ತಿದ್ದ, ನಾನು ನನ್ನ ಅಕ್ಷರ ಹೋಯಿತೆಂದು ಗೊಳೋ ಎಂದು ಅತ್ತಿದ್ದೆ.

ಎಣಿಕೆ ಮಾತ್ರ ಹಿತ್ತಿಲಲ್ಲಿ. ಅಡುಗೆಮನೆಯ ಗೋಡೆವರೆಗೂ ಟೀ ಗಿಡ. ಟೀ ಕೀಳುವುದೆಂದರೆ ಎರಡು ಎಲೆ, ಅವುಗಳ ನಡುವೆ ಸೂಜಿಯಂತೆ ಸುರುಳಿ ಸುತ್ತಿದ ಒಂದು ಚಿಗುರು ಮೊಗ್ಗು. ಆ ಮೊಗ್ಗಿಗೆ ಅಪ್ಪ ಕುಡಿ ಅನ್ನುತ್ತಿದ್ದ. ಬೆಂಚಿನ ಮೇಲಿಂದಲೇ ರಾಗವಾಗಿ ಕೂಗುತ್ತಿದ್ದ: "ಒಂದು, ಎರಡು, ಕುಡಿ!" ನಾನು ಕಿತ್ತು ಬುಟ್ಟಿಗೆ ಹಾಕುತ್ತಿದ್ದೆ. ದಿನಾ ಇದೇ ಆಟ. ಹೀಗೆ ಆಡುತ್ತಾ ಆಡುತ್ತಾ ನನ್ನ ಲೆಕ್ಕದಲ್ಲಿ ಎರಡಾದ ಮೇಲೆ ಬರುವ ಅಂಕಿಯ ಹೆಸರೇ ಕುಡಿ ಎಂದಾಗಿಬಿಟ್ಟಿತ್ತು. ಇದು ಅಪ್ಪನಿಗೂ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಕೋತಗಿರಿಯ ಶಾಲೆಯಲ್ಲಿ. ಹೆಡ್‌ಮಿಸ್ ತಮಿಳರು, ದಪ್ಪ ಕನ್ನಡಕ. ಅಕ್ಷರ ಕೇಳಿದರು, ಬರೆದೆ. ಬಣ್ಣ ಕೇಳಿದರು, ಪಟಪಟ ಹೇಳಿದೆ. ಬಾಗಿಲ ಹೊರಗೆ ಅಪ್ಪನ ಜೊತೆ ನಿಂತ ಅವ್ವೆಯ ಮುಖ ಅರಳುತ್ತಿತ್ತು.

"ಒಣ್ಣು, ರೆಂಡು... ಅಪ್ಪುರಂ?" ಎಂದರು ಮಿಸ್, ಒಂದು, ಎರಡು, ಆಮೇಲೇನು ಅಂತ.

"ಕುಡಿ" ಎಂದೆ.

ತಮಿಳಿನಲ್ಲೂ ಕುಡಿ ಎಂದರೆ ಕುಡಿಯುವುದೇ ತಾನೆ? ಪಾಪ, ಮಗುವಿಗೆ ಬಾಯಾರಿದೆ ಎಂದುಕೊಂಡು ಅವರು ಲೋಟ ತುಂಬ ನೀರು ಕೊಟ್ಟರು. ದೊಡ್ಡವರು ಕೊಟ್ಟದ್ದನ್ನು ಬೇಡ ಅನ್ನಬಾರದು, ಗಟಗಟ ಕುಡಿದೆ.

"ಸರಿ ಕಣ್ಣು, ರೆಂಡುಕ್ಕು ಅಪ್ಪುರಂ?" ಎಂದು ಮಿಸ್ ಮುದ್ದಿನಿಂದ ಮತ್ತೆ ಕೇಳಿದರು.

"ಕುಡಿ."

ಇನ್ನೊಂದು ಲೋಟ. ಅದನ್ನೂ ಮುಗಿಸಿದೆ. ಮೂರನೆಯ ಸಲವೂ ಕುಡಿ ಎಂದಾಗ ಮಿಸ್ ಕನ್ನಡಕ ತೆಗೆದು ಅವ್ವೆಯ ಕಡೆ ನೋಡಿದರು. "ಮಗು ಚುರುಕಾಗಿದೆ ಮಾ. ಆದ್ರೆ ಮೂರರ ತನಕವೂ ಎಣಿಕೆ ಬರಲ್ಲ. ಒಂದು ವರ್ಷ ನರ್ಸರಿಗೆ ಹೋಗಿ ಬರಲಿ."

ಅವ್ವೆಯ ಮುಖ ಬಾಡಿತು. ನನಗೆ ಅರವಂಕಾಡು ಕಣ್ಣ ಮುಂದೆಯೇ ಬಂದು ನಿಂತಿತು, ಹೊಟ್ಟೆಯೊಳಗೆ ಎರಡು ಲೋಟ ನೀರು ಬೇರೆ.

ಆಗ ಅಪ್ಪ ಕೋಲೂರಿಕೊಂಡು ಒಳಗೆ ಬಂದ. "ಒಂದೇ ನಿಮಿಷ ಮಿಸ್" ಎಂದವನೇ ಹೊರಗೆ ಹೋದ. ಶಾಲೆಯ ಬೇಲಿಯಾಚೆ ಯಾರದೋ ಟೀ ತೋಟ. ಕುಂಟುತ್ತಲೇ ನಾಲ್ಕು ಚಿಗುರು ಕಿತ್ತು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ.

"ಹೆಣ್ಣೆ, ಇದ್ರಲ್ಲಿ ಎಲೆ ಎಷ್ಟು, ಎಣಿಸು."

ನಾನು ಬೆರಳಿಟ್ಟು ಎಣಿಸಿದೆ: "ಒಂದು, ಎರಡು, ಕುಡಿ, ನಾಲ್ಕು, ಐದು, ಆರು, ಏಳು, ಎಂಟು!"

ಅಪ್ಪ ಒಂದು ಚಿಗುರಿನ ತುದಿ ಮುಟ್ಟಿ ತೋರಿಸಿದ. "ಎಲೆ ಎರಡು ಮಿಸ್. ಇದಕ್ಕೆ ನಾವು ಕುಡಿ ಅಂತೀವಿ. ತಪ್ಪು ನಂದು, ಆಟದಲ್ಲಿ ನಾನೇ ಹಾಗೆ ಹೇಳ್ಕೊಟ್ಟೆ."

ಮಿಸ್ ನನ್ನನ್ನು ನೋಡಿದರು, ಖಾಲಿ ಲೋಟ ನೋಡಿದರು. ಆಮೇಲೆ ಶುರುವಾಯಿತು ನೋಡಿ ನಗು! ಮೇಜು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಅಯ್ಯೋ, ಸುಮ್ಮನೆ ಅಷ್ಟು ನೀರು ಕುಡಿಸಿಬಿಟ್ಟೆನಲ್ಲ! ಜೂನಲ್ಲಿ ಕಳಿಸಿ ಮಾ, ಇಲ್ಲಿಗೇ."

ಬಸ್‌ಸ್ಟ್ಯಾಂಡಿನಲ್ಲಿ ಅವ್ವೆ ಅಪ್ಪನ ತೋಳು ಹಿಡಿದುಕೊಂಡಳು. "ಚೆನ್ನಾಗೇ ಕಲಿಸಿದ್ದೀರಿ" ಎಂದಳು. ಅಷ್ಟು ಮಾತು ಅವ್ವೆಯ ಬಾಯಿಂದ ಬಂದರೆ ಅದು ದೊಡ್ಡ ಬಹುಮಾನ. ಅಪ್ಪ ದಾರಿಯುದ್ದಕ್ಕೂ ಮೀಸೆಯಡಿ ನಗುತ್ತಿದ್ದ.

ಆಮೇಲೆ ಎಷ್ಟೋ ಮೇಷ್ಟ್ರು, ಮಿಸ್‌ಗಳ ಕೈಲಿ ಕಲಿತೆ. ಅಪ್ಪನಂಥವರು ಒಬ್ಬರೂ ಸಿಗಲಿಲ್ಲ. ಇದನ್ನು ಅಭಿಮಾನಕ್ಕೆ ಹೇಳುತ್ತಿಲ್ಲ, ನಿಜವನ್ನೇ ಹೇಳುತ್ತಿದ್ದೇನೆ.

ಈಗ ಹಿತ್ತಿಲ ಟೀಗೂ ಮಿಷನ್ ಕತ್ತರಿ ಬಂದಿದೆ. ಗರ್ರೆಂದು ಓಡಿಸಿದರೆ ಎಲೆ, ಕಡ್ಡಿ, ಕುಡಿ ಎಲ್ಲ ಒಟ್ಟಿಗೆ ಚೀಲಕ್ಕೆ. ಒಂದೊಂದೇ ಎಣಿಸಿ ಕೀಳಲು ಯಾರಿಗೂ ಪುರುಸೊತ್ತಿಲ್ಲ. ಹೋದ ತಿಂಗಳು ನನ್ನ ನಾಲ್ಕು ವರ್ಷದ ಮಗಳನ್ನು ಹಟ್ಟಿಗೆ ಕರೆದುಕೊಂಡು ಹೋಗಿದ್ದೆ. ಪ್ಲೇಸ್ಕೂಲಿಗೆ ಹೋಗುವ ಅವಳು ಉಸಿರು ಬಿಡದೆ ನೂರರವರೆಗೆ ಎಣಿಸುತ್ತಾಳೆ. ಅಪ್ಪ ಅದೇ ಬೆಂಚಿನ ಮೇಲೆ ಕೂತು, ನನ್ನ ಕಡೆ ಒಮ್ಮೆ ಕಣ್ಣು ಮಿಟುಕಿಸಿ, ರಾಗವಾಗಿ ಶುರು ಮಾಡಿದ: "ಒಂದು, ಎರಡು..."

"ಮೂರು!" ಎಂದಳು ಮಗಳು.

"ಕರೆಕ್ಟ್" ಎಂದ ಅಪ್ಪ, ಅವಳ ತಲೆ ಸವರಿದ.

ಉತ್ತರ ಸರಿಯಾಗಿಯೇ ಇತ್ತು. ನನ್ನ ಬಾಯಿಗೆ ಮಾತ್ರ ಕುಡಿ ಎಂದೇ ಬಂದಿತ್ತು. ಒಳಗೆ ಹೋಗಿ ಒಂದು ಲೋಟ ನೀರು ಕುಡಿದೆ.